ಮನೆವಾರ್ತೆ: ಹಲಗೆಯ ನೆಲದ ಹದ



ಕುಂಬಳೆ ಸೀಮೆಯಿಂದ ಸೋದರಿಯೊಬ್ಬರು ಬರೆದ ಪತ್ರ ಕಳೆದ ತಿಂಗಳು ನನ್ನ ಕೈಸೇರಿತು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲವಂತೆ. ಗಂಡನ ಮನೆ ಹಳೆಯ ಕಾಲದ್ದು. ಮೂರು ಸಂಸಾರಗಳು ಒಂದೇ ಸೂರಿನಡಿಯಲ್ಲಿವೆ. ಚಿಕ್ಕ ಮಕ್ಕಳೇ ಐವರು. ಉಪ್ಪರಿಗೆಯ ನೆಲವೆಲ್ಲ ಮರದ ಹಲಗೆ. ‘ತವರಿನಲ್ಲಿ ಸಿಮೆಂಟಿನ ನೆಲಕ್ಕೆ ದಿನವೂ ನೀರು ಚೆಲ್ಲಿ ಒರೆಸಿ ಅಭ್ಯಾಸ. ಇಲ್ಲಿ ನೀರು ಮುಟ್ಟಿಸಿದರೆ ಅತ್ತೆಯವರು ಗದರುತ್ತಾರೆ. ಮುಟ್ಟಿಸದಿದ್ದರೆ ನನಗೆ ನೆಲ ಶುದ್ಧವಾಯಿತೆಂಬ ಸಮಾಧಾನವಿಲ್ಲ. ನಮ್ಮಿಬ್ಬರಲ್ಲಿ ಯಾರು ಸರಿ, ತಾವೇ ಹೇಳಬೇಕು’ ಎಂದು ಅವರು ಕೇಳಿದ್ದಾರೆ.

ಅತ್ತೆ ಸೊಸೆಯರ ನಡುವೆ ತೀರ್ಪು ಹೇಳುವುದು ಜಾಣರ ಕೆಲಸವಲ್ಲ. ಆದರೂ ಈ ಒಂದು ವಿಷಯದಲ್ಲಿ ಹಿಂಜರಿಯದೆ ಹೇಳುತ್ತೇನೆ: ಅತ್ತೆಯವರು ಸರಿ. ಕಾರಣವನ್ನು ತಿಳಿಸದೆ ಗದರಿದ್ದು ಮಾತ್ರ ಸರಿಯಲ್ಲ. ಆ ಕಾರಣವನ್ನು ನಾನಾದರೂ ತಿಳಿಸಬೇಕು. ಏಕೆಂದರೆ ಹೊಸ ಸೊಸೆಯಾಗಿದ್ದಾಗ ನಾನು ಅದನ್ನು ಬಹಳ ದುಬಾರಿಯಾಗಿ ಕಲಿತವಳು.

ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ 1984ರ ಮೇ ತಿಂಗಳ ಕೊನೆಯ ಮಾತು. ಮನೆಯಲ್ಲಿ ನಾದಿನಿಯ ಮದುವೆ ನಡೆಯಿತು. ನೆಂಟರಿಷ್ಟರಿಗೆಲ್ಲ ಉಪ್ಪರಿಗೆಯೇ ಬಿಡಾರವಾಗಿತ್ತು. ಗದ್ದಲ ಮುಗಿದು ಮನೆ ಬರಿದಾದಾಗ ಹಲಗೆಗಳ ಮೇಲೆ ಕಾಫಿ ಲೋಟದ ಉಂಗುರಗಳು, ಅಂಗಳದ ಕೆಂಪು ಧೂಳು, ವೀಳ್ಯದ ಸುಣ್ಣ, ಮಕ್ಕಳು ಮೆಟ್ಟಿದ ಮಿಠಾಯಿ ಎಲ್ಲವೂ ಇದ್ದವು. ಅತ್ತೆಯವರು ಬೀಗರ ಮನೆಗೆ ಹೋಗಿದ್ದರು. ಅವರು ಹಿಂದಿರುಗುವಷ್ಟರಲ್ಲಿ ಎಲ್ಲವನ್ನೂ ಥಳಥಳಿಸುವಂತೆ ಮಾಡಿ ಮೆಚ್ಚುಗೆ ಪಡೆಯಬೇಕೆಂಬ ಹುರುಪು ನನ್ನದು. ಬಾವಿಯಿಂದ ನೀರು ಸೇದಿ ಹೊತ್ತು ತಂದೆ. ತೊಳೆಯುವ ಸೋಡ ಕಲಸಿದೆ. ತೆಂಗಿನ ಹಿಡಿಸೂಡಿಯಿಂದ ಹಲಗೆಗಳನ್ನು ಗಸಗಸನೆ ತಿಕ್ಕಿದೆ. ನೀರು ಸಂದುಗಳಲ್ಲಿ ಇಳಿದು ಕೆಳಗಿನ ಕೋಣೆಯ ಅಕ್ಕಿಮುಡಿಗಳ ಮೇಲೆ ತೊಟ್ಟಿಕ್ಕತೊಡಗಿದಾಗಲೂ ನನಗೆ ಬುದ್ಧಿ ಬರಲಿಲ್ಲ. ಮುಡಿಗಳನ್ನು ಸರಿಸಿ ಮತ್ತೆ ತಿಕ್ಕಿದೆ.

ಅಂದು ಸಂಜೆ ನೆಲ ಹೊಳೆಯಿತು. ಮೂರನೆಯ ದಿನ ಮಳೆ ಹಿಡಿಯಿತು. ಇರಚಲು ಬಡಿಯದಿರಲೆಂದು ಮೇಲಿನ ಕಿಟಕಿಗಳನ್ನು ಮುಚ್ಚಿದೆವು. ಮಳೆಗಾಲದ ಪದ್ಧತಿಯಂತೆ ಕೆಳಗಿನ ಕೋಣೆಯಲ್ಲಿ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವಿದೆವು. ಆಟಿ ತಿಂಗಳು ಕಾಲಿಡುವಾಗ ಹಲಗೆಗಳ ಅಂಚುಗಳು ಮೇಲೆದ್ದು, ನಡು ತಗ್ಗಿ, ಒಂದೊಂದೂ ಅಡಕೆಯ ಹಾಳೆಯಂತೆ ಬಾಗಿಕೊಂಡಿತ್ತು. ಒಂದು ರಾತ್ರಿ ಮಾವನವರು ಆ ಅಂಚಿಗೆ ಎಡವಿ ಬಿದ್ದರು. ಮಣಿಗಂಟು ಉಳುಕಿ ಎರಡು ವಾರ ಅವರು ಎಡಗೈಯಲ್ಲಿ ಉಣ್ಣಬೇಕಾಯಿತು. ಆ ಎರಡು ವಾರ ಬಡಿಸುವಾಗ ನಾನು ತಲೆಯೆತ್ತಲಿಲ್ಲ.

ಭಾವನವರು, ‘ಹಲಗೆಗಳನ್ನು ಕಿತ್ತು ಮಾರಿಬಿಡೋಣ; ಕಾಂಕ್ರೀಟು ಹಾಕಿಸಿದರೆ ಈ ತಾಪತ್ರಯವೇ ಇಲ್ಲ’ ಎಂದರು. ಮೈದುನನಿಗೆ ಕೂಡಲೇ ಕೀಸುಳಿ ಹಿಡಿಸಿ ನೆಲವನ್ನು ಸಮ ಮಾಡಿಸುವ ಅವಸರ. ಅತ್ತೆಯವರು ಎರಡಕ್ಕೂ ಒಪ್ಪದೆ ನಮ್ಮೂರಿನ ವೃದ್ಧ ಆಚಾರಿಯವರಿಗೆ ಹೇಳಿ ಕಳುಹಿಸಿದರು. ಅವರು ಬಂದು ಹಲಗೆಯ ಮೇಲೆ ಅಂಗೈ ಊರಿ ಕುಳಿತು, ಕೆಳಗಿಳಿದು ಅದರ ಅಡಿಯನ್ನೂ ಮುಟ್ಟಿ ನೋಡಿ, ‘ಅಡಿ ಇನ್ನೂ ನೆನೆದೇ ಇದೆ ಅಮ್ಮಾ. ಈಗ ಕೀಸಿದರೆ ಎದ್ದ ಅಂಚು ಹೋಗುತ್ತದೆ. ಮರ ಒಣಗಿ ಅಂಚು ಇಳಿದಾಗ ನಡು ಗುಬ್ಬಚ್ಚಿಯ ಬೆನ್ನಿನ ಹಾಗೆ ಉಬ್ಬಿ ನಿಲ್ಲುತ್ತದೆ. ಆಮೇಲೆ ಅದಕ್ಕೆ ಮದ್ದಿಲ್ಲ. ಬಟ್ಟೆ ಹರವುವ ಹಗ್ಗ ಬಿಚ್ಚಿ, ಬಿಸಿಲಿದ್ದಾಗ ಕಿಟಕಿ ತೆರೆಯಿರಿ. ಮಕರ ಮಾಸ ಕಳೆಯಲಿ’ ಎಂದರು.

ಅತ್ತೆಯವರು ನನ್ನನ್ನು ಬೈಯಲಿಲ್ಲ. ಮರುದಿನ ಬೆಳಗ್ಗೆ ಒಂದು ಒಣ ಹತ್ತಿಬಟ್ಟೆಯನ್ನು ಕೈಗಿತ್ತು, ‘ಇನ್ನು ಮೇಲೆ ಇದೇ ನಿನ್ನ ಬಕೀಟು’ ಎಂದರು, ಅಷ್ಟೆ. ಏಳು ತಿಂಗಳು ಕಾದೆವು. ಫೆಬ್ರವರಿ ಬರುವಾಗ ಹೆಚ್ಚಿನ ಹಲಗೆಗಳು ತಾವಾಗಿಯೇ ಮಟ್ಟಕ್ಕೆ ಬಂದಿದ್ದವು. ಕಿಟಕಿಯ ಬುಡದ ಎರಡು ಮಾತ್ರ ಪೂರ್ತಿ ಇಳಿಯಲಿಲ್ಲ. ಆಚಾರಿಯವರು ಅವನ್ನಷ್ಟೆ ಕೀಸಿ ಕೊಟ್ಟರು. ಆ ಎರಡರ ಬಣ್ಣ ಉಳಿದವುಗಳಿಗಿಂತ ಇಂದಿಗೂ ತುಸು ಬೇರೆ. ಗುಡಿಸುವಾಗ ದಿನವೂ ಕಣ್ಣಿಗೆ ಬೀಳುತ್ತವೆ.

ಮರ ಉಸಿರಾಡುವ ಬಗೆ

ನಮ್ಮ ಹಳೆಯ ಮನೆಗಳಲ್ಲಿ ಕೆಳಗಿನ ಕೋಣೆಯ ಮುಚ್ಚಿಗೆಯೇ ಮೇಲಿನ ಕೋಣೆಯ ನೆಲ. ಹಲಸು, ಹೆಬ್ಬಲಸು, ಮತ್ತಿ, ತೇಗ, ಅನುಕೂಲಸ್ಥರ ಮನೆಯಾದರೆ ಬೀಟೆ—ಯಾವ ಮರವೇ ಆಗಲಿ, ಕಡಿದು ನೂರು ವರ್ಷವಾದರೂ ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ತೇವ ಹೀರಿದಾಗ ಹಲಗೆ ಅಗಲಕ್ಕೆ ಹಿಗ್ಗುತ್ತದೆ; ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ನಾಡಿನಲ್ಲಿ, ಒಂದಡಿ ಅಗಲದ ಹಲಗೆ ಬೇಸಗೆಗೂ ಮಳೆಗಾಲಕ್ಕೂ ನಡುವೆ ಎರಡು ಮೂರು ಮಿಲಿಮೀಟರು ಹಿಗ್ಗಿ ಕುಗ್ಗುವುದು ಸಹಜವೇ.

ಇದನ್ನು ತಿಳಿದರೆ ಎರಡು ತಪ್ಪುಗಳಿಂದ ಪಾರಾಗಬಹುದು. ಬೇಸಗೆಯಲ್ಲಿ ಹಲಗೆಗಳ ನಡುವೆ ಬಿರುಕು ಕಂಡಿತೆಂದು ಅದಕ್ಕೆ ಪುಟ್ಟಿಯನ್ನೋ ಸಿಮೆಂಟನ್ನೋ ತುಂಬುವುದು ಮೊದಲನೆಯ ತಪ್ಪು. ಆ ಸಂದು ಮಳೆಗಾಲದಲ್ಲಿ ಹಲಗೆ ಹಿಗ್ಗುವುದಕ್ಕೆ ಬೇಕಾದ ಜಾಗ. ಮುಚ್ಚಿದರೆ ಹಲಗೆಗಳು ಒಂದನ್ನೊಂದು ನೂಕಿ ಮೇಲೇಳುತ್ತವೆ. ನೆಲಕ್ಕೆ ನೀರು ಚೆಲ್ಲುವುದು ಎರಡನೆಯದು, ಅಂದರೆ ನನ್ನದು. ಮೇಲ್ಮೈ ಬೇಗ ಒಣಗುತ್ತದೆ. ಸಂದಿನಲ್ಲಿ ಇಳಿದು ಅಂಚನ್ನೂ ಅಡಿಯನ್ನೂ ನೆನೆಸಿದ ನೀರು ಒಣಗುವುದಿಲ್ಲ. ಅಡಿ ಹಿಗ್ಗಿ, ಮೇಲ್ಮೈ ಹಿಗ್ಗದೆ ಉಳಿದಾಗ ಹಲಗೆ ಬಾಗದೆ ಇನ್ನೇನಾದೀತು? ಮರದ ತೇವ ನೂರಕ್ಕೆ ಇಪ್ಪತ್ತರಷ್ಟನ್ನು ಮೀರಿ ಬಹುಕಾಲ ಉಳಿದರೆ ಬೂಷ್ಟು ಮತ್ತು ಕೊಳೆತವೂ ತೊಡಗುತ್ತವೆ.

ಮರಳೆಂಬ ವೈರಿ

ನೆಲ ಸವೆಯುವುದು ಮನುಷ್ಯರು ನಡೆದುದರಿಂದಲ್ಲ, ಕಾಲಿನೊಡನೆ ಒಳಬಂದ ಮರಳಿನಿಂದ. ಖನಿಜಗಳ ಗಡಸುತನವನ್ನು ಅಳೆಯುವ 1ರಿಂದ 10ರವರೆಗಿನ ಮಾನವೊಂದಿದೆ. ವಜ್ರಕ್ಕೆ 10 ಅಂಕ. ಸಾಮಾನ್ಯ ಮರಳಿನ ಕಣವಾದ ಕ್ವಾರ್ಟ್ಸಿಗೆ 7. ಚೂರಿಯ ಅಲಗನ್ನೂ ಗೀರಬಲ್ಲ ಕಣಕ್ಕೆ ಮರವಾಗಲಿ ಅದರ ಮೇಲಿನ ಪಾಲಿಶ್ ಆಗಲಿ ಏನು ಲೆಕ್ಕ? ಒಂದು ಚಿಟಿಕೆ ಮರಳಿನ ಮೇಲೆ ಕುರ್ಚಿಯನ್ನು ಎಳೆದರೆ ಅದು ಮರಳುಕಾಗದ ಉಜ್ಜಿದಂತೆಯೇ.

ಪದ್ಮನಾಭಪುರದ ಮರದ ಅರಮನೆಗೆ ಹೋದವರಿಗೆ ನೆನಪಿರಬಹುದು: ಅಲ್ಲಿ ಪಾದರಕ್ಷೆಗಳನ್ನು ಹೊರಗಿರಿಸಿಯೇ ಒಳಗೆ ಕಾಲಿಡಬೇಕು. ನಮ್ಮ ಹಿರಿಯರ ಪದ್ಧತಿಯೂ ಅದೇ. ಅಂಗಳದಂಚಿನಲ್ಲಿ ನೀರಿನ ಪಾತ್ರೆ, ಕಾಲು ತೊಳೆದು ಒಳಬರುವುದು. ಈ ಪದ್ಧತಿಗೆ ನಾವು ಸೇರಿಸಬೇಕಾದುದು ಒಂದಿದೆ. ತೊಳೆದ ಕಾಲನ್ನು ಒರೆಸಿಕೊಂಡೇ ಉಪ್ಪರಿಗೆಯ ಮೆಟ್ಟಿಲೇರಬೇಕು. ಇಲ್ಲವಾದರೆ ಮರಳನ್ನು ತಡೆದು ನೀರನ್ನು ಕರೆತಂದಂತಾಗುತ್ತದೆ. ಜಗಲಿಯಲ್ಲಿ ತೆಂಗಿನ ನಾರಿನ ಒರಟು ಕಾಲೊರಸು, ಮೆಟ್ಟಿಲ ಬುಡದಲ್ಲಿ ಹತ್ತಿಯದೊಂದು—ಎರಡಿದ್ದರೆ ಸಾಕು. ವಾರಕ್ಕೊಮ್ಮೆ ಅವನ್ನು ಅಂಗಳದಲ್ಲಿ ಕೊಡವಿ ಬಿಸಿಲಿಗೆ ಹಾಕಿರಿ. ತುಂಬಿದ ಕಾಲೊರಸು ಮರಳನ್ನು ಹಿಡಿಯುವ ಬದಲು ಹಂಚುತ್ತದೆ.

ಗುಡಿಸುವುದು ದಿನವೂ ನಡೆಯಬೇಕು. ಹಿಡಿಸೂಡಿ ಅಂಗಳಕ್ಕೆ ಇರಲಿ. ಹಲಗೆಗೆ ಮೆದುವಾದ ಹುಲ್ಲಿನ ಪೊರಕೆ. ಹಲಗೆಯ ಉದ್ದಕ್ಕೇ ಗುಡಿಸಿರಿ. ಅಡ್ಡಕ್ಕೆ ಗುಡಿಸಿದರೆ ಧೂಳು ಸಂದುಗಳಿಗೆ ಬೀಳುತ್ತದೆ. ಧೂಳು ಹೀರುವ ಯಂತ್ರವಿರುವವರು ಮೆದು ಕುಂಚದ ತುದಿಯನ್ನೇ ಬಳಸಲಿ. ಮಂಚ, ಮೇಜು, ಕುರ್ಚಿಗಳ ಕಾಲಿಗೆ ಹಳೆಯ ಕಂಬಳಿಯ ತುಂಡನ್ನು ಅಂಟಿಸಿರಿ. ಅಡಕೆಯ ಗೋಣಿಯನ್ನು ಎಳೆಯದೆ ಇಬ್ಬರು ಹಿಡಿದು ಎತ್ತಲಿ.

ಒರೆಸುವ ಕ್ರಮ

ಹಾಗಾದರೆ ಒದ್ದೆ ಬಟ್ಟೆ ತಾಗಿಸಲೇಬಾರದೇ? ತಾಗಿಸಬಹುದು, ಹದವರಿತು. ಬಟ್ಟೆಯನ್ನು ಒಂದು ಹನಿಯೂ ಇಳಿಯದಷ್ಟು ಬಿಗಿಯಾಗಿ ಹಿಂಡಿ, ನಾಲ್ಕು ಹಲಗೆ ಒರೆಸಿ, ಹಿಂದೆಯೇ ಒಣಬಟ್ಟೆಯಿಂದ ಒರೆಸಿರಿ. ಬಟ್ಟೆ ಹಾದ ಜಾಗ ಒಂದೆರಡು ನಿಮಿಷದಲ್ಲಿ ಒಣಗಬೇಕು. ಒಣಗದಿದ್ದರೆ ನೀರು ಹೆಚ್ಚಾಯಿತೆಂದೇ ಅರ್ಥ. ಬೇಸಗೆಯಲ್ಲಿ ವಾರಕ್ಕೊಮ್ಮೆ ಸಾಕು. ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ಮಾತ್ರ. ಜಿಡ್ಡಿದ್ದರೆ ಅರ್ಧ ಬಕೀಟು ನೀರಿಗೆ ಸೌಮ್ಯವಾದ ದ್ರವ ಸಾಬೂನು ನಾಲ್ಕೈದು ಹನಿ. ತೊಳೆಯುವ ಸೋಡ ಮರದ ಬಣ್ಣವನ್ನು ಕೆಡಿಸುತ್ತದೆ. ವಿನೆಗರ್ ಮತ್ತು ನಿಂಬೆಯ ಹುಳಿ ಪಾಲಿಶನ್ನು ಮಂಕಾಗಿಸುತ್ತದೆ. ಈಚೆಗೆ ಬಂದಿರುವ ಬಿಸಿ ಹಬೆಯ ಒರೆಸುಯಂತ್ರ ಹೆಂಚಿನ ನೆಲಕ್ಕೆ ಒಳ್ಳೆಯದೇ ಇರಬಹುದು, ಹಲಗೆಗೆ ಬೇಡವೇ ಬೇಡ.

ಮಕ್ಕಳಿರುವ ಮನೆಯಲ್ಲಿ ಹಾಲು, ನೀರು, ಮೂತ್ರ ನೆಲಕ್ಕೆ ಬೀಳುವುದು ತಪ್ಪಿದ್ದಲ್ಲ. ಬಿದ್ದ ಕೂಡಲೇ ಒಣಬಟ್ಟೆಯನ್ನು ಒತ್ತಿ ಹೀರಿಸಿರಿ, ಉಜ್ಜಿ ಹರಡಬೇಡಿ. ಆಮೇಲೆ ಹಿಂಡಿದ ಬಟ್ಟೆ, ಕೊನೆಗೆ ಒಣಬಟ್ಟೆ. ಉಪ್ಪರಿಗೆಯ ಪ್ರತಿ ಕೋಣೆಯಲ್ಲೂ ಗೂಟಕ್ಕೊಂದು ಒಣಬಟ್ಟೆ ತೂಗುಹಾಕಿದ್ದರೆ ಐದು ವರ್ಷದ ಮಗುವೂ ಈ ಕೆಲಸ ಮಾಡಬಲ್ಲದು. ಕುಡಿಯುವ ನೀರಿನ ಕೊಡವನ್ನೂ ಹೂವಿನ ಕುಂಡವನ್ನೂ ನೇರವಾಗಿ ಹಲಗೆಯ ಮೇಲೆ ಇಡದಿರಿ.

ಎಣ್ಣೆಯ ವಿಚಾರ

ಮರ ಮಂಕಾಯಿತೆಂದು ತೆಂಗಿನೆಣ್ಣೆ ಸವರುವ ರೂಢಿ ನಮ್ಮಲ್ಲಿ ಬಹಳ. ಅಂದು ನೋಡಲು ಚೆಂದವೇ. ಆದರೆ ತೆಂಗಿನೆಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯದಲ್ಲ. ಮರದ ಮೇಲೆ ಜಿಗುಟಾಗಿ ಉಳಿದು, ಧೂಳನ್ನು ಹಿಡಿದು, ಕಾಲಕ್ರಮದಲ್ಲಿ ಕಮಟು ನಾರುತ್ತದೆ. ಅಗಸೆ ಎಣ್ಣೆ ಹಾಗಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಪಾಲಿಶಿಲ್ಲದ ಹಲಗೆಗೆ ಬೇಸಗೆಯಲ್ಲಿ ಅದನ್ನು ತೆಳ್ಳಗೆ ಸವರಿ, ಕಾಲು ಗಂಟೆಯ ಬಳಿಕ ಹೆಚ್ಚಾದುದನ್ನು ಪೂರ್ತಿ ಒರೆಸಿ ತೆಗೆದು, ಒಣಗಲು ಬಿಡಬೇಕು.

ಇಲ್ಲೊಂದು ಎಚ್ಚರಿಕೆ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಗಟ್ಟಿ ಮೂಲೆಗೆಸೆದರೆ, ಯಾರೂ ಕಡ್ಡಿ ಗೀರದೆಯೇ ಅವು ತಾವಾಗಿ ಹೊತ್ತಿಕೊಳ್ಳಬಲ್ಲವು. ಅವನ್ನು ಕೂಡಲೇ ನೀರಿನಲ್ಲಿ ನೆನೆಸಿರಿ, ಇಲ್ಲವೇ ಹೊರಗೆ ಒಂದೊಂದಾಗಿ ಹರವಿ ಒಣಗಿಸಿರಿ. ಮರದ ಮನೆಯಲ್ಲಿ ಇದನ್ನು ಮರೆಯಬಾರದು. ಗೆದ್ದಲು ಹಿಡಿಯದಂತೆ ತೊಲೆ ಜಂತಿಗಳಿಗೆ ಹಚ್ಚುವ ಗೇರುಸಿಪ್ಪೆಯ ಎಣ್ಣೆ ಮೈ ಸುಡುವಂಥದು; ಮಕ್ಕಳು ಅಂಬೆಗಾಲಿಡುವ ನೆಲಕ್ಕೆ ಅದು ಸಲ್ಲದು. ಜೇನುಮೇಣದ ಪಾಲಿಶ್ ಸೊಗಸಾದರೂ ಜಾರುತ್ತದೆ. ವೃದ್ಧರಿರುವ ಮನೆಯಲ್ಲಿ ಯೋಚಿಸಿರಿ. ಒಮ್ಮೆ ಮೇಣ ಹಚ್ಚಿದ ಮರಕ್ಕೆ ಮುಂದೆ ಬೇರೆ ಪಾಲಿಶ್ ಹಿಡಿಯುವುದೂ ಕಷ್ಟ.

ನಿಮ್ಮ ನೆಲದ ಪಾಲಿಶ್ ಇನ್ನೂ ಗಟ್ಟಿಯಾಗಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಹೆಚ್ಚು ನಡೆದಾಡುವ ಕಡೆ ಒಂದು ಹನಿ ನೀರು ಬಿಡಿ. ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ನಿಂತರೆ ಚಿಂತೆಯಿಲ್ಲ. ಇಂಗಿ ಜಾಗ ಕಪ್ಪಾದರೆ ಪಾಲಿಶ್ ಸವೆದಿದೆ. ಆ ಬೇಸಗೆಯಲ್ಲೇ ಮತ್ತೊಮ್ಮೆ ಹಚ್ಚಿಸಿರಿ. ಮರ ಬೆತ್ತಲೆಯಾಗುವವರೆಗೆ ಕಾಯಬೇಡಿ.

ಕಲೆಗಳು ಹೇಳುವ ಮಾತು

ಬಿಳಿಯ ಕಲೆ ಕಂಡರೆ ತೇವವೋ ಶಾಖವೋ ಪಾಲಿಶಿನ ಪದರದಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ಅರಗಿನ ಪಾಲಿಶಿನ ಮೇಲೆ ಬಿಸಿ ಪಾತ್ರೆಯಿಟ್ಟಾಗ ಹೀಗಾಗುತ್ತದೆ. ಗಾಳಿಯಾಡಲು ಬಿಟ್ಟರೆ ಎಷ್ಟೋ ಸಲ ಅದು ತಾನಾಗಿ ಮಾಸುತ್ತದೆ. ಕಪ್ಪು ಕಲೆ ಮಾತ್ರ ಮರದೊಳಕ್ಕೇ ಇಳಿದದ್ದು. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಹಿಂದಿನವರು ಶಾಯಿ ಮಾಡುತ್ತಿದ್ದರಲ್ಲವೇ? ಮರದಲ್ಲಿರುವ ಒಗರಿಗೂ ಒದ್ದೆಯಾದ ಮೊಳೆಗೂ ನಡುವೆ ನಡೆಯುವುದು ಅದೇ. ಆದುದರಿಂದ ಕಬ್ಬಿಣದ ಡಬ್ಬಿಯನ್ನು ಒದ್ದೆಯಾಗಿ ಹಲಗೆಯ ಮೇಲಿಡಬೇಡಿ. ಪಾತ್ರೆ ತಿಕ್ಕುವ ಉಕ್ಕಿನ ನಾರಿನಿಂದ ಹಲಗೆಯನ್ನು ಉಜ್ಜಬೇಡಿ. ಅದರ ಚೂರುಗಳು ಮರದಲ್ಲಿ ಉಳಿದು ಮುಂದಿನ ಮಳೆಗಾಲಕ್ಕೆ ಚುಕ್ಕಿಚುಕ್ಕಿಯಾಗಿ ಕಪ್ಪಾಗುತ್ತವೆ.

ಹಲಸಿನ ಹಲಗೆ ಹೊಸದರಲ್ಲಿ ಅರಸಿನದ ಬಣ್ಣ. ಬೆಳಕಿಗೆ ಬರಬರುತ್ತ ಕಂದಾಗುತ್ತದೆ. ಒಂದೇ ಕಡೆ ವರ್ಷಗಟ್ಟಲೆ ಚಾಪೆ ಹಾಸಿಟ್ಟರೆ ಅಡಿಯಲ್ಲಿ ಹಳದಿಯ ಚೌಕ ಉಳಿಯುತ್ತದೆ. ಅದು ಕೊಳೆಯಲ್ಲ; ಚಾಪೆಯನ್ನು ಆಗಾಗ ಸ್ಥಳ ಬದಲಿಸಿದರೆ ಸಾಕು.

ಮಳೆಗಾಲದ ಮುಂಚೆಯೂ ದೀಪಾವಳಿಯ ಹೊತ್ತಿಗೂ, ವರ್ಷಕ್ಕೆರಡು ಬಾರಿ, ಟಾರ್ಚು ಹಿಡಿದು ಕೆಳಗಿನ ಕೋಣೆಯಿಂದ ಮುಚ್ಚಿಗೆಯನ್ನು ನೋಡಿರಿ. ಹೆಂಚಿನಿಂದ ಸೋರಿದ ಗುರುತು, ಜಂತಿ ಗೋಡೆಗೆ ಸೇರುವೆಡೆಯಲ್ಲಿ ಗೆದ್ದಲಿನ ಮಣ್ಣುದಾರಿ, ನೆಲದ ಮೇಲೆ ಹಿಟ್ಟಿನಂಥ ಮರದ ಪುಡಿ—ಇವುಗಳಲ್ಲಿ ಯಾವುದು ಕಂಡರೂ ಅದೇ ವಾರ ಆಚಾರಿಯವರನ್ನು ಕರೆಸಿರಿ.

ಪೇಟೆಯ ಮನೆಗಳಲ್ಲಿರುವವರಿಗೆ

ಮಂಗಳೂರು, ಬೆಂಗಳೂರುಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳ ಮನೆಗಳಿಗೂ ಈಗ ಮರದ ನೆಲ ಬಂದಿದೆ. ಅದರಲ್ಲಿ ಬಗೆಗಳಿವೆ. ಲ್ಯಾಮಿನೇಟ್ ಎಂಬುದು ಮರದ ಚಿತ್ರ ಅಚ್ಚೊತ್ತಿದ ಕಾಗದದ ಪದರ. ಅದನ್ನು ಉಜ್ಜಿ ಹೊಸತು ಮಾಡಲಾಗದು. ಇಂಜಿನಿಯರ್ಡ್ ಎಂಬುದರಲ್ಲಿ ಮೇಲಿನ ಕೆಲವೇ ಮಿಲಿಮೀಟರು ಮಾತ್ರ ಗಟ್ಟಿಮರ. ಒಂದೆರಡು ಸಲ ಉಜ್ಜಿದರೆ ಮುಗಿಯಿತು. ಅಜ್ಜಂದಿರ ಮನೆಯ ಅಂಗುಲ ದಪ್ಪದ ಹಲಗೆ ಹಲವು ಸಲ ತಡೆದೀತು. ಆದರೂ ಪ್ರತಿ ಉಜ್ಜುವಿಕೆಯೂ ಮರದ ಆಯುಷ್ಯದಿಂದ ಕಳೆದದ್ದೇ. ಮರಳು, ನೀರುಗಳ ನಿಯಮ ಎಲ್ಲ ಬಗೆಗೂ ಒಂದೇ.

ನೆಲ ಯಾರದು?

ಇಷ್ಟನ್ನೂ ಓದಿ ಆ ಸೋದರಿ, ‘ಇದೆಲ್ಲ ನನ್ನೊಬ್ಬಳ ತಲೆಗೆ ಬಂತೇ?’ ಎಂದು ನಿಟ್ಟುಸಿರಿಟ್ಟಾರು. ಹಾಗಾಗಬಾರದು. ಮರದ ನೆಲಕ್ಕೆ ಒಬ್ಬಳ ಬೆನ್ನುಮುರಿಯುವ ದುಡಿಮೆಯಿಂದ ಉಪಯೋಗವಿಲ್ಲ. ನನ್ನ ಸೋಡದ ಬಕೀಟು ಅಂಥ ದುಡಿಮೆಯೇ ಆಗಿತ್ತು. ಅದಕ್ಕೆ ಬೇಕಾದುದು ಎಲ್ಲರ ಸಣ್ಣ ಸಣ್ಣ ಎಚ್ಚರ. ಕಾಲು ಒರೆಸಿ ಮೇಲೇರುವುದು ಗಂಡಸರಿಂದಲೂ ಆಗುವ ಕೆಲಸ. ಚೆಲ್ಲಿದ್ದನ್ನು ಚೆಲ್ಲಿದವರೇ ಒರೆಸುವುದು ಮಕ್ಕಳ ಪಾಠ. ಮಂಚವನ್ನು ಎತ್ತಿ ಸರಿಸುವುದು ಇಬ್ಬರ ಕೆಲಸ, ಎಳೆದು ಗೀರುವುದು ಒಬ್ಬನ ಸೋಮಾರಿತನ. ಮನೆಯವರೆಲ್ಲ ಇಷ್ಟು ಮಾಡಿದರೆ ಸೊಸೆಗೆ ಉಳಿಯುವುದು ದಿನಕ್ಕೆ ಹತ್ತು ನಿಮಿಷದ ಗುಡಿಸಾಟ.

ಹಲಗೆಗಳನ್ನು ಕಿತ್ತು ಮಾರಿದ ಮನೆಗಳು ನಮ್ಮ ಸುತ್ತ ಎಷ್ಟೋ ಇವೆ. ಅವರವರ ಕಷ್ಟ ಅವರವರಿಗೆ, ದೂರುವುದಿಲ್ಲ. ಆದರೆ ನೆಟ್ಟು ಬೆಳೆಸಿದ ತೇಗವೂ ಒಳ್ಳೆಯ ಹಲಗೆ ಕೊಡಲು ಐವತ್ತು ಅರುವತ್ತು ವರ್ಷ ಬೇಕು. ನಮ್ಮ ಉಪ್ಪರಿಗೆಯಲ್ಲಿರುವಷ್ಟು ಅಗಲದ ಹಲಗೆ ಇಂದು ಹಣ ಕೊಟ್ಟರೂ ಸುಲಭವಾಗಿ ಸಿಗದು. ಅಂದು ಏಳು ತಿಂಗಳು ಕಾಯುವ ತಾಳ್ಮೆ ಅತ್ತೆಯವರಿಗೆ ಇರದೇ ಹೋಗಿದ್ದರೆ, ಇಂದು ನನ್ನ ಮೊಮ್ಮಕ್ಕಳು ಬರಿಮೈಯಲ್ಲಿ ಹೊರಳಿ ಮಧ್ಯಾಹ್ನದ ನಿದ್ದೆ ಮಾಡುವ ಆ ನೆಲ ಇರುತ್ತಿರಲಿಲ್ಲ.

ಪತ್ರ ಬರೆದ ಸೋದರಿಗೆ ನನ್ನದೊಂದು ಸಲಹೆ. ಇಂದು ಸಂಜೆ ಬಿಡುವಾದಾಗ ಅತ್ತೆಯವರ ಬಳಿ ಕುಳಿತು, ‘ಈ ನೆಲವನ್ನು ನೀವು ಹೇಗೆ ನೋಡಿಕೊಂಡಿರಿ?’ ಎಂದು ಕೇಳಿರಿ. ಯಾವ ಹಲಗೆ ಯಾವ ಮರದ್ದು, ಎಲ್ಲಿ ಸೋರಿತ್ತು, ಯಾವ ಮೂಲೆಯಲ್ಲಿ ಗೆದ್ದಲು ಬಂದಿತ್ತು ಎಂಬುದನ್ನು ನನಗಿಂತ ಚೆನ್ನಾಗಿ ಅವರು ಬಲ್ಲರು. ಗದರುವುದಕ್ಕೆ ಕಾರಣವಿದೆ ಎಂದು ನಿಮಗೂ, ಕಾರಣವನ್ನು ಕೇಳುವವಳಿದ್ದಾಳೆ ಎಂದು ಅವರಿಗೂ ತಿಳಿದರೆ, ನನ್ನ ತೀರ್ಪಿನ ಅಗತ್ಯ ಬೀಳದು.

ಮುಂದಿನ ತಿಂಗಳು: ಒಳಗೆ ಹಗ್ಗ ಕಟ್ಟದೆ ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಹೇಗೆ?